ಕರುವಿನ ಹಗ್ಗ

"ಗುರುಗಳೇ, ಮನುಷ್ಯನ ಆತ್ಮಕ್ಕೆ ರಕ್ಷಣೆ ಸಿಗುವುದು ನಂಬಿಕೆಯಿಂದಲೋ, ಅವನು ಮಾಡಿದ ಸತ್ಕ್ರಿಯೆಗಳಿಂದಲೋ?" ಎಂದು ಇನ್ನಾಸಪ್ಪ ಕೇಳಿದ.

ಉಪದೇಶಿ ಚೌರಪ್ಪನವರು ಜಗಲಿಯ ಮೇಲೆ ಕೂತು ಮೊರದಲ್ಲಿ ಹುರುಳಿ ಆರಿಸುತ್ತಿದ್ದರು. ಊರಿನ ಕಥೋಲಿಕರ ಮಕ್ಕಳಿಗೆಲ್ಲ ಜಪ ಕಲಿಸಿ ಮುದುಕರಾದವರು ಅವರು. ಅವರ ನಂತರ ಉಪದೇಶಿಯ ಕೆಲಸ ಇನ್ನಾಸಪ್ಪನಿಗೇ ಎಂದು ಚರ್ಚಿನ ಸ್ವಾಮಿಗಳು ಹೇಳಿಯಾಗಿತ್ತು. ಅವನು ದಿನವೂ ಬಂದು ಅವರ ಬಳಿ ಪಾಠ ಹೇಳಿಸಿಕೊಳ್ಳುತ್ತಿದ್ದ.

"ಈ ಪ್ರಶ್ನೆ ಪಾಠದ್ದೋ, ನಿಮ್ಮ ಮನೆಯದ್ದೋ?" ಎಂದು ಗುರುಗಳು ಕೇಳಿದರು.

"ಮನೆಯದ್ದೇ" ಎಂದು ಇನ್ನಾಸಪ್ಪ ಒಪ್ಪಿಕೊಂಡ. ಅವನ ತಂಗಿ ರೀತಮ್ಮ ಪ್ರೊಟೆಸ್ಟೆಂಟರ ಮನೆಗೆ ಮದುವೆಯಾಗಿ ಹೋಗಿದ್ದಳು. ಈಗ ಚೊಚ್ಚಲ ಬಸುರಿ. ಬಾಣಂತನಕ್ಕೆ ತವರಿಗೆ ಬರಬೇಕು. ತಾಯಿ ಕೋಣೆ ಸಾರಿಸಿ, ಹಳೆಯ ಸೀರೆಗಳನ್ನು ಒಗೆದು ಮಡಿಸಿಟ್ಟುಕೊಂಡು ಕಾಯುತ್ತಿದ್ದಳು. ತಂದೆ ಇಲ್ಲದ ಮನೆಗೆ ಇನ್ನಾಸಪ್ಪನೇ ಯಜಮಾನ.

"ನಂಬಿದರೆ ಸಾಕು, ಮಾಡಬೇಕಾದ್ದು ಏನೂ ಇಲ್ಲ ಅನ್ನುವ ಜನ ಅವರು, ಗುರುಗಳೇ. ನಾವು ದಾನಧರ್ಮ ಮಾಡಿ ಸ್ವರ್ಗವನ್ನು ಕೊಂಡುಕೊಳ್ಳಲು ಹೊರಟವರಂತೆ. ನಮ್ಮ ತಂಗಿಯ ಗಂಡ ನಮ್ಮ ಪಡಸಾಲೆಯಲ್ಲೇ ಕೂತು, ನಮ್ಮ ಅನ್ನ ಉಂಡು ಹಾಗೆ ಅಂದ. ಅದಕ್ಕೇ ನಾನೂ ಹೇಳಿ ಕಳಿಸಿದ್ದೇನೆ. ರೀತಮ್ಮ ಬಂದು, ಗಂಡನ ಮಾತು ತಪ್ಪು ಅಂತ ಸ್ವಾಮಿಗಳ ಮುಂದೆ ಹೇಳಲಿ, ಆಮೇಲೆ ನಮ್ಮ ಹೊಸ್ತಿಲು ದಾಟಲಿ. ಅವನೇನು ಕಡಿಮೆಯೇ? ಮೊದಲು ನೀವು ತಪ್ಪು ಒಪ್ಪಿಕೊಳ್ಳಿ, ಆಮೇಲೆ ಹೆಂಡತಿಯನ್ನು ಕಳಿಸುತ್ತೇನೆ ಅಂತ ಅವನೂ ಹೇಳಿ ಕಳಿಸಿದ್ದಾನೆ. ಅವನ ಬಾಯಿ ಮುಚ್ಚಿಸುವಂಥ ಉತ್ತರ ನಿಮ್ಮಿಂದ ಬೇಕು."

ಗುರುಗಳು ಮೊರವನ್ನು ಪಕ್ಕಕ್ಕೆ ತಳ್ಳಿದರು. ಅವರ ಮುಖ ಕೆಂಪಾಗಿತ್ತು. "ಕೂತುಕೋ" ಎಂದರು. ಇನ್ನಾಸಪ್ಪ ಕೂತ. ಅವರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಇಬ್ಬರು ರೈತರಿದ್ದರು. ಒಡಹುಟ್ಟಿದವರು. ಅಣ್ಣ ನಮ್ಮವನು, ಭಾನುವಾರದ ಪೂಜೆ ತಪ್ಪಿಸದವನು. ತಮ್ಮ ಪ್ರೊಟೆಸ್ಟೆಂಟರ ಸಭೆಗೆ ಸೇರಿದವನು. ಆದರೂ ಒಂದೇ ಮನೆ, ಒಂದೇ ಒಲೆ. ಕರೆಯುವ ಹಸುವೂ ಒಂದೇ. ಎಷ್ಟೋ ಕಾಲ ಹಾಗೇ ನೆಮ್ಮದಿಯಾಗಿ ಬಾಳಿದರು. ಅಷ್ಟು ದಿನ ಅವರಿಗೆ ಬುದ್ಧಿ ಇತ್ತು ಎಂದು ಇಟ್ಟುಕೋ.

ಅವರ ತಂಗಿ ಹೆರಿಗೆಗೆ ತವರಿಗೆ ಬಂದಳು. ಹೆಣ್ಣುಕೂಸನ್ನು ಹೆತ್ತಳು, ತೀರಿಕೊಂಡಳು. ತಬ್ಬಲಿ ಕೂಸನ್ನು ಅಜ್ಜಿ, ಅಂದರೆ ಆ ರೈತರ ತಾಯಿ, ಸಾಕತೊಡಗಿದಳು. ಹೊತ್ತು ಹೊತ್ತಿಗೆ ಆ ಹಸುವಿನ ಹಾಲು ಕಾಯಿಸಿ, ಆರಿಸಿ, ಒಳಲೆಯಲ್ಲಿ ಹನಿಹನಿಯಾಗಿ ಕುಡಿಸುತ್ತಿದ್ದಳು. ನೆರೆಮನೆಯ ಎಮ್ಮೆಯ ಹಾಲು ಕೂಸಿಗೆ ಒಗ್ಗಲಿಲ್ಲ, ಕುಡಿದದ್ದೆಲ್ಲ ಕಕ್ಕುತ್ತಿತ್ತು. ಆ ಹಸು ಹಾಲು ಕೊಟ್ಟರೆ ಕೂಸು ಉಂಟು, ಇಲ್ಲವಾದರೆ ಇಲ್ಲ. ಮನೆಯವರಿಗೆಲ್ಲ ಇದು ಗೊತ್ತಿತ್ತು. ಇಬ್ಬರು ಸೋದರಮಾವಂದಿರಿಗೂ ಗೊತ್ತಿತ್ತು.

ಒಂದು ಸಂಜೆ ಹಾಲು ಕರೆಯುವ ಹೊತ್ತಿಗೆ ಕರುವನ್ನು ತಮ್ಮ ಬಿಟ್ಟ. ಕರು ಹೋಗಿ ಕೆಚ್ಚಲಿಗೆ ಗುದ್ದಿತು. ಹಸು ಸೊರ ಬಿಟ್ಟಿತು. ಹಸು ಕೆಚ್ಚಲಿಗೆ ಹಾಲು ಇಳಿಸಿದರೆ ನಮ್ಮ ಕಡೆ ಹಾಗೆ ಹೇಳುವುದು ನಿನಗೂ ಗೊತ್ತಿದೆ. ಅದನ್ನು ನೋಡಿ ತಮ್ಮನಿಗೆ ಸಭೆಯಲ್ಲಿ ಕೇಳಿದ ಬೋಧನೆ ನೆನಪಾಯಿತು. "ನೋಡಣ್ಣ, ಸೊರ ಬಿಡುವುದು ಹಸು. ಕರು ಅದಕ್ಕೆ ಏನು ಕೊಟ್ಟಿದೆ? ಏನೂ ಇಲ್ಲ. ಬರಿಗೈಯಲ್ಲಿ ಬಂತು, ಹಾಲು ಸಿಕ್ಕಿತು. ರಕ್ಷಣೆಯೂ ಹೀಗೇ" ಎಂದ.

"ಬಿಡುವುದು ಹಸುವೇ ಇರಬಹುದು, ಬಿಡಿಸುವುದು ಕರು. ಗುದ್ದದೆ ಸುಮ್ಮನೆ ನಿಂತಿದ್ದರೆ ಒಂದು ತೊಟ್ಟಾದರೂ ಇಳಿಯುತ್ತಿತ್ತೇನೋ?" ಎಂದು ಅಣ್ಣ ಕೇಳಿದ.

ಇಷ್ಟೇ ಮಾತು. ಹಾಲು ಕರೆಯುತ್ತಾ, ನಗುತ್ತಾ ಆಡಿ ಮುಗಿಸಬಹುದಾಗಿದ್ದ ಮಾತು. ಇಬ್ಬರು ಹೇಳಿದ್ದರಲ್ಲೂ ಸುಳ್ಳಿರಲಿಲ್ಲ. ನನಗೆ ಮೈ ಉರಿಯುವುದು ಅದಕ್ಕೇ. ಸುಳ್ಳಿಗಾಗಿ ಹೊಡೆದಾಡಿದ್ದರೆ ಪಾಪ, ತಿಳಿಯದವರು ಎಂದು ಬಿಟ್ಟುಬಿಡಬಹುದಿತ್ತು. ಇವರು ಕೈಯಲ್ಲಿ ಅರ್ಧರ್ಧ ಸತ್ಯ ಹಿಡಿದುಕೊಂಡು ಅದರಿಂದಲೇ ಒಬ್ಬರನ್ನೊಬ್ಬರು ಬಡಿಯಲು ಹೊರಟರು.

ಮಾರನೆಯ ಬೆಳಿಗ್ಗೆ ಕರುವಿನ ಹಗ್ಗ ಬಿಚ್ಚಲು ತಮ್ಮ ಹೋದ. ಅಣ್ಣ ಗೂಟದ ಹತ್ತಿರ ಅಡ್ಡ ನಿಂತ. ಬಿಡಿಸುವುದು ಕರುವೇ ಎಂದು ಒಪ್ಪಿಕೋ, ಆಮೇಲೆ ಬಿಚ್ಚು ಎಂದ. ಹಾಗಾದರೆ ನೀನೂ ಬಿಚ್ಚಬೇಡ, ಬಿಡುವುದು ಹಸು ಎಂದು ಒಪ್ಪಿಕೊಳ್ಳುವ ತನಕ ಮುಟ್ಟಬೇಡ ಎಂದು ತಮ್ಮನೂ ಪಟ್ಟು ಹಿಡಿದ. ಗೂಟದ ಆ ಕಡೆ ಒಬ್ಬ, ಈ ಕಡೆ ಒಬ್ಬ ಕೂತರು. ಇಬ್ಬರ ಕೈಯೂ ಹಗ್ಗದ ಮೇಲೆ. ಎಲ್ಲದರಲ್ಲೂ ಒಡೆದು ಹೋದವರು ಇದೊಂದರಲ್ಲಿ ಒಂದಾದರು ನೋಡು, ಕರು ಬಿಡಬಾರದು ಎಂಬುದರಲ್ಲಿ.

ಸುದ್ದಿ ಹಬ್ಬಿತು. ನಮ್ಮವರು ಬಂದು ಅಣ್ಣನ ಹಿಂದೆ ನಿಂತರು. ಸಭೆಯವರು ಬಂದು ತಮ್ಮನ ಹಿಂದೆ ನಿಂತರು. ದನದ ಹಟ್ಟಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮವನೊಬ್ಬ ವರಪ್ರಸಾದ ಎಂದರೆ, ಅಲ್ಲ, ಕೃಪೆ ಅನ್ನು ಎಂದು ಅವರವನೊಬ್ಬ ತಿದ್ದಿದ. ಅವರವನೊಬ್ಬ ನಂಬಿಕೆ ಎಂದರೆ, ವಿಶ್ವಾಸ ಅನ್ನಲು ಬಾಯಿ ನೋಯುತ್ತದೆಯೇ ಎಂದು ನಮ್ಮವನು ಕೆಣಕಿದ. ಕೊಡುವವನು ಒಬ್ಬನೇ, ಕೊಟ್ಟದ್ದೂ ಒಂದೇ. ಹೆಸರಿಗಾಗಿ ಇಷ್ಟು ಗಂಟಲು ಹರಿದುಕೊಂಡರು.

ಯಾರೋ ಒಬ್ಬ ಪುಣ್ಯಾತ್ಮ, ಪರೀಕ್ಷೆ ಮಾಡಿಯೇ ನೋಡೋಣ ಎಂದ. ತಮ್ಮನೇ ಚೆಂಬು ತಂದು ಕೆಚ್ಚಲಿನ ಕೆಳಗೆ ಇಟ್ಟ. ಕೊಡುವುದು ಹಸುವಾದ ಮೇಲೆ ತಾನಾಗಿಯೇ ಕೊಡುತ್ತದೆ ಎಂದು ಕೈಕಟ್ಟಿ ಕೂತ. ಹಸು ಕರುವಿನ ಕಡೆಗೇ ನೋಡುತ್ತಾ ನಿಂತಿತ್ತು, ಸೊರ ಬಿಡಲಿಲ್ಲ. ಸರಿ ಎಂದು ಅಣ್ಣ ಎದ್ದ. ಕರು ಮಾಡುವ ಕೆಲಸವನ್ನು ಕೈ ಮಾಡಲಾರದೇ ಎಂದು ಗುದ್ದಿದ, ಹಿಂಡಿದ, ಎಳೆದ. ಕೆಚ್ಚಲು ಕೆಂಪಾಯಿತು. ಹಸು ಒದ್ದಿತು, ಚೆಂಬು ಉರುಳಿತು. ಇಬ್ಬರೂ ಮತ್ತೆ ಹೋಗಿ ಹಗ್ಗ ಹಿಡಿದು ಕೂತರು.

ನಂಬುವುದೆಂದರೆ ಕೈಕಟ್ಟಿ ಕೂರುವುದು ಎಂದು ಆ ಸಭೆಯವರು ಯಾವತ್ತೂ ಬೋಧಿಸಿದವರಲ್ಲ. ನಂಬಿದವನ ಕೈ ಸುಮ್ಮನಿರುವುದಿಲ್ಲ ಎಂದೇ ಅವರೂ ಹೇಳುವುದು. ಹಿಂಡಿ ಎಳೆದು ದೇವರ ಕೈಯಿಂದ ಕಿತ್ತುಕೊಳ್ಳಬಹುದು ಎಂದು ನಮ್ಮವರೂ ಕಲಿಸಿದವರಲ್ಲ. ಅವನು ಮೊದಲು ಕೊಡದಿದ್ದರೆ ನಮ್ಮ ಕೈಲಿ ಏನೂ ಆಗದು ಎಂದೇ ನಾನು ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಟ್ಟದ್ದು. ಗೆಲ್ಲಲೇಬೇಕು ಎಂದು ಹೊರಟವನಿಗೆ ಎದುರಿನವನ ಮಾತು ಕೇಳಿಸುವುದಿಲ್ಲ. ಕೊನೆಗೆ ತನ್ನ ಮತ ಏನು ಎಂಬುದೂ ಮರೆತುಹೋಗುತ್ತದೆ. ಅವತ್ತು ಆ ಹಟ್ಟಿಯಲ್ಲಿ ಎರಡು ಮತಗಳೂ ಇರಲಿಲ್ಲ, ಎರಡು ಹಟ ಇದ್ದವು ಅಷ್ಟೆ.

ಒಳಗೆ ಕೂಸು ಬೆಳಗಿನಿಂದ ಅಳುತ್ತಿತ್ತು. ಅಜ್ಜಿ ಸಕ್ಕರೆ ನೀರು ಕುಡಿಸಿ ನೋಡಿದಳು. ತೂಗಿದಳು, ತಟ್ಟಿದಳು. ಕೊನೆಗೆ ಬಾಗಿಲಿಗೆ ಬಂದು, "ಹಾಲು ಎಲ್ಲ್ರಪ್ಪ?" ಎಂದು ಕೇಳಿದಳು.

"ಸ್ವಲ್ಪ ತಡಿಯವ್ವ, ತೀರ್ಮಾನ ಆಗ್ಲಿ" ಎಂದ ಅಣ್ಣ. ತಮ್ಮನೂ ಹೌದೆಂದು ತಲೆಯಾಡಿಸಿದ.

ತೀರ್ಮಾನವಂತೆ. ತಂಗಿ ಸಾಯುವಾಗ ಕೂಸನ್ನು ಇವರ ಕೈಗೆ ಕೊಟ್ಟು ಹೋಗಿದ್ದಳು. ಅದಕ್ಕೆ ಹಸಿವು, ಇವರಿಗೆ ತೀರ್ಮಾನ.

ಹೊತ್ತು ನೆತ್ತಿಗೆ ಬಂತು. ಕೂಸಿನ ಅಳು ಸಣ್ಣದಾಯಿತು, ಆಮೇಲೆ ನಿಂತಿತು. ಸದ್ಯ, ನಿದ್ದೆ ಹೋಯಿತು ಎಂದು ಹಟ್ಟಿಯಲ್ಲಿದ್ದವರು ಅಂದುಕೊಂಡರು. ಇನ್ನು ಮಾತು ಚೆನ್ನಾಗಿ ಕೇಳಿಸುತ್ತದೆ ಎಂದು ಒಬ್ಬ ಗಂಟಲು ಸರಿಮಾಡಿಕೊಂಡ. ಹಸಿದ ಕೂಸು ಅಳು ನಿಲ್ಲಿಸಿದರೆ ಏನು ಅರ್ಥ ಎಂದು ಅವರಲ್ಲಿ ಒಬ್ಬನಾದರೂ ಯೋಚಿಸಲಿಲ್ಲ. ಅಜ್ಜಿ ಮಕ್ಕಳನ್ನು ಸಾಕಿದವಳು, ಅವಳಿಗೆ ಗೊತ್ತಿತ್ತು.

ಅವಳು ಹೊರಗೆ ಬಂದಳು. ಒಂದು ಕೈಯಲ್ಲಿ ಒಳಲೆ, ಇನ್ನೊಂದು ಕೈಯಲ್ಲಿ ಕುಡುಗೋಲು. ಜನ ಸರಿದು ದಾರಿ ಬಿಟ್ಟರು. ಅವಳ ಮಕ್ಕಳಿಬ್ಬರೂ ಹಗ್ಗದಿಂದ ಕೈ ತೆಗೆದರು. ಅವಳು ಯಾರನ್ನೂ ಏನೂ ಕೇಳಲಿಲ್ಲ, ಬಗ್ಗಿ ಹಗ್ಗ ಕೊಯ್ದಳು.

ಕರು ಒಂದೇ ನೆಗೆತಕ್ಕೆ ತಾಯಿಯ ಹತ್ತಿರ ಹೋಯಿತು. ಅದು ಗುದ್ದಿದ್ದು ಮೊದಲೋ, ಹಾಲು ಇಳಿದದ್ದು ಮೊದಲೋ ಅಲ್ಲಿದ್ದ ಯಾರೂ ನೋಡಲಿಲ್ಲ. ಅಷ್ಟು ಹೊತ್ತು ಅದಕ್ಕಾಗಿಯೇ ಬಡಿದಾಡಿದವರ ಕಣ್ಣೆಲ್ಲ ಕುಡುಗೋಲಿನ ಮೇಲಿತ್ತು. ಅಜ್ಜಿ ಕರುವಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಒಳಲೆಗೆ ಹಾಲು ಕರೆದುಕೊಂಡಳು. ಕಾಯಿಸುವಷ್ಟು ಪುರುಸೊತ್ತು ಇರಲಿಲ್ಲ, ಹಾಗೇ ಒಳಗೆ ಓಡಿದಳು.

ಅವಳು ಹೊಸ್ತಿಲು ದಾಟಿರಲಿಲ್ಲ, ಹಿಂದೆ ಮತ್ತೆ ಶುರುವಾಯಿತು. "ನೋಡಿದೆಯಾ, ಹಸು ತಾನಾಗಿ ಬಿಟ್ಟಿತು" ಎಂದ ತಮ್ಮ. "ಕರು ಹೋಗಿದ್ದಕ್ಕೆ ಬಿಟ್ಟಿತು" ಎಂದ ಅಣ್ಣ. ಒಳಗೆ ಮುದುಕಿ ಕೂಸಿನ ತುಟಿ ಬಿಡಿಸಿ ಹನಿ ಹನಿ ಬಿಡುತ್ತಿದ್ದಳು. ಗುಟುಕು ಇಳಿಯುವ ತನಕ ಅವಳು ಉಸಿರು ಬಿಡಲಿಲ್ಲ.

ಕೂಸು ಬದುಕಿತು. ಅದು ಬದುಕಿದ್ದರಲ್ಲಿ ತಮ್ಮನ ನಂಬಿಕೆಯ ಪಾಲೂ ಇಲ್ಲ, ಅಣ್ಣನ ಕ್ರಿಯೆಯ ಪಾಲೂ ಇಲ್ಲ.

ಕತೆ ಮುಗಿಸಿ ಗುರುಗಳು ಮೊರವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು. ಸಿಟ್ಟಿನಲ್ಲಿ ಹುರುಳಿಯನ್ನೂ ಕಲ್ಲಿನ ಜೊತೆ ಎಸೆಯುತ್ತಿದ್ದರು.

ಇನ್ನಾಸಪ್ಪ ಮೆಲ್ಲಗೆ, "ಆ ಅಜ್ಜಿ ಮಾಡಿದ್ದು ಸರಿ, ಗುರುಗಳೇ. ಅದನ್ನು ಯಾರು ಬೇಡ ಅಂತಾರೆ? ಆದರೂ ಆ ಅಣ್ಣತಮ್ಮಂದಿರಲ್ಲಿ ಯಾರ ಮಾತು ಹೆಚ್ಚು ಸರಿ, ಅದನ್ನು ನೀವು ಹೇಳಲೇ ಇಲ್ಲ" ಎಂದ.

ಗುರುಗಳು ತಲೆಯೆತ್ತಿ ಅವನನ್ನು ನೋಡಿದರು.

"ಇನ್ನಾಸಪ್ಪ, ನಿಮ್ಮ ಮನೆಯ ಕರುವಿನ ಹಗ್ಗ ಈಗ ಯಾರ ಕೈಯಲ್ಲಿದೆ?"