ತಿಪ್ಪೇಶಿ ಸೂರಿಗೆ ಸ್ಪೀಕರ್ ಕಟ್ಟಿದ್ದು

ಚಳ್ಳಕೆರೇಲಿ ಮಾರಕ್ಕ ಅಂತ ಒಬ್ಬಳಿದ್ದಳು, ಮಂಡಕ್ಕಿ ಮೆಣಸಿನಕಾಯಿ ಬಜ್ಜಿ ಮಾರೋಳು. ಅವಳಿಗೊಬ್ಬನೇ ಮಗ, ತಿಪ್ಪೇಶಿ. ಎತ್ತರ ನೋಡಿದ್ರೆ ಬಾಗಿಲಿಗೆ ತಲೆ ತಾಗೋನು, ಬಲ ನೋಡಿದ್ರೆ ಎರಡು ಮೂಟೆ ಒಟ್ಟಿಗೆ ಹೊರೋನು. ತಲೆ ಒಳಗೆ ಏನಾದ್ರೂ ಇಡೋದನ್ನ ಮಾತ್ರ ದೇವರು ಮರೆತು, ಮೇಲೆ ಕೂದಲು ಬಾಚಿ ಕಳಿಸಿಬಿಟ್ಟಿದ್ದ.

ಹಂಗಂತ ಮಾತು ಕೇಳದ ಹುಡುಗ ಅಲ್ಲ. ಕೇಳ್ತಿದ್ದ. ಅದೇ ಕಷ್ಟ. ಹೋಟೆಲಿನವನು "ಗಿರಾಕಿ ಎದ್ದ ತಕ್ಷಣ ಟೇಬಲ್ ಒರೆಸು" ಅಂದ. ಗಿರಾಕಿ ಚಟ್ನಿ ಕೇಳೋಕೆ ಎದ್ದ, ಇವನು ಇಡ್ಲಿ ಸಮೇತ ಒರೆಸಿದ. ಗ್ಯಾರೇಜಿನವನು "ಹಳೇ ಎಣ್ಣೆ ಎಲ್ಲಾ ಚೆಲ್ಲು" ಅಂದ. ಇವನು ಗ್ಯಾರೇಜಿನದ್ದು ಚೆಲ್ಲಿ, ಅವನ ಮನೆಗೆ ಹೋಗಿ ಒಗ್ಗರಣೆ ಎಣ್ಣೇನೂ ಚೆಲ್ಲಿ ಬಂದ. ಊರಲ್ಲಿ ಇವನನ್ನ ಕೆಲಸಕ್ಕಿಟ್ಟುಕೊಂಡು ಓಡಿಸದೇ ಇರೋ ಅಂಗಡಿ ಒಂದೇ ಉಳಿದಿತ್ತು. ಅದು ಮಾರಕ್ಕನ ತಮ್ಮ ಪಾಲಯ್ಯನ ಸೌಂಡ್ ಅಂಗಡಿ.

ಮಾರಕ್ಕ ಬಜ್ಜಿ ಪೊಟ್ಟಣ ಹಿಡ್ಕೊಂಡು ಹೋದಳು. "ಪಾಲಯ್ಯ, ಇವನಿಗೊಂದು ಕೈಕೆಲಸ ಹತ್ತಲಿಲ್ಲ ಅಂದ್ರೆ ನನ್ನ ಕಾಲ ಆದ ಮೇಲೆ ಅನ್ನ ಹಾಕೋರ್ಯಾರೋ?"

ಪಾಲಯ್ಯ ಬಜ್ಜಿ ಕಚ್ಚಿದ. ಬಜ್ಜಿ ಖಾರ ಇತ್ತು, ಕಣ್ಣಲ್ಲಿ ನೀರು ಬಂತು. ಅದನ್ನ ನೋಡಿ ಮಾರಕ್ಕ, ತಮ್ಮ ಕರಗಿದ ಅಂದ್ಕೊಂಡಳು.

"ನೋಡಕ್ಕ," ಅಂದ ಪಾಲಯ್ಯ. "ಇಷ್ಟು ದಿನ ಮದುವೆ ಮನೆಗೆ ಲೌಡ್‌ಸ್ಪೀಕರ್ ಕಟ್ಕೊಂಡಿದ್ದೆ. ಈಗ ಎಣ್ಣೆ ಮಿಲ್ಲಿನ ಸಾಹುಕಾರ್ ಗುರುಬಸಪ್ಪನೋರು ಮಾಳಿಗೆ ರೂಮಲ್ಲಿ ಥಿಯೇಟರ್ ಮಾಡಿಸ್ತಾವ್ರೆ. ಗೋಡೆಗೂ ಸ್ಪೀಕರು, ಸೂರಿಗೂ ಸ್ಪೀಕರು! ಪರದೆ ಮೇಲೆ ಮಳೆ ಬಂದ್ರೆ ಸೂರಿನಿಂದ ಸುರಿದಂಗೆ ಕೇಳಬೇಕಂತೆ. ಅದು ಮುಗಿಯೋವರೆಗೆ ಇವನನ್ನ ಇಟ್ಕೊಳ್ತೀನಿ. ಸಿನಿಮಾ ಹಾಕಿದ ದಿನ ಸಾಹುಕಾರ್ರು ಇವನು ಇರಲಿ ಅಂದ್ರೆ ಇರ್ತಾನೆ. ಬೇಡ ಅಂದ್ರೆ ನಿನ್ನ ಮಗ ನಿನಗೇ."

"ಮಾವ ಹೇಳಿದಂಗೇ ಮಾಡು ಮಗ," ಅಂದಳು ಮಾರಕ್ಕ.

"ಹೇಳಿದಂಗೇ ಮಾಡ್ತೀನವ್ವ," ಅಂದ ತಿಪ್ಪೇಶಿ.

ಮೊದಲನೇ ದಿನ ಪಾಲಯ್ಯ ಸಾಹುಕಾರರ ಮನೇಲಿ ಏಣಿ ಹತ್ತಿ ನಿಂತಿದ್ದ. ಅಲ್ಲಿಂದಲೇ ಕೂಗಿದ: "ಲೇ ತಿಪ್ಪೇಶಿ, ಅಂಗಡಿಗೆ ಹೋಗಿ ಆಂಪ್ಲಿಫೈಯರ್ ತಗೊಂಡು ಬಾ. ಹಗುರಾದದ್ದು ತರಬೇಡ, ಅದರಲ್ಲಿ ಜೀವ ಇಲ್ಲ. ಎತ್ತಿ ನೋಡು, ಇರೋದ್ರಲ್ಲೇ ಭಾರವಾದದ್ದು ತಾ!"

ತಿಪ್ಪೇಶಿ ಅಂಗಡಿಗೆ ಹೋದ. ಒಂದು ಆಂಪ್ಲಿಫೈಯರ್ ಎತ್ತಿದ, ಹಗುರ. ಇನ್ನೊಂದು ಎತ್ತಿದ, ಭಾರ. ಪಕ್ಕದಲ್ಲಿ ಬ್ಯಾಟರಿ ಇತ್ತು, ಎತ್ತಿದ, ಇನ್ನೂ ಭಾರ. ಕಬ್ಬಿಣದ ಕಪಾಟು ಎತ್ತಿದ, ಅದಕ್ಕಿಂತ ಭಾರ. ಹೊರಗೆ ಬಂದು ನೋಡ್ತಾನೆ, ಅಂಗಡಿ ಮೆಟ್ಟಿಲಿನ ಚಪ್ಪಡಿ ಕಲ್ಲು! ಎತ್ತಿದ. ಸೊಂಟ ಲಟಕ್ ಅಂತು. ತಿಪ್ಪೇಶಿಗೆ ಖುಷಿಯಾಯ್ತು.

ತಳ್ಳೋ ಗಾಡೀಲಿ ಹಾಕ್ಕೊಂಡು ಹೋಗಿ, ಮಾಳಿಗೆಗೆ ಹೊತ್ತು, ಸಾಹುಕಾರರ ಹೊಸ ಟೈಲ್ಸ್ ಮೇಲೆ ಧಡ್ ಅಂತ ಇಳಿಸಿದ. "ಇದಕ್ಕಿಂತ ಭಾರವಾದದ್ದು ಅಂಗಡೀಲಿಲ್ಲ ಮಾವ."

ಪಾಲಯ್ಯ ಏಣಿಯಿಂದ ಇಳಿಯಲಿಲ್ಲ, ಬಿದ್ದ. "ಅಯ್ಯೋ ಕತ್ತೆ! ಕಲ್ಲಿಗೆ ವೈರ್ ಎಲ್ಲಿ ಸಿಕ್ಕಿಸ್ಲೋ? ಕಪಾಟಿನಲ್ಲಿ ಕಪ್ಪು ಪೆಟ್ಟಿಗೆ ಐತಲ್ಲ, ಹಿಂದುಗಡೆ ತುಂಬಾ ತೂತು, ಮುಂದುಗಡೆ ಗುಂಡಿ, ಅದು ಆಂಪ್ಲಿಫೈಯರ್! ಅದನ್ನ ಹಸುಗೂಸನ್ನ ನೋಡ್ಕೊಂಡಂಗೆ ನೋಡ್ಕೋಬೇಕು, ತಿಳೀತಾ?"

"ಹೇಳಿದಂಗೇ ಮಾಡ್ತೀನಿ ಮಾವ."

ತಂದ. ಈ ಸಲ ಸರಿಯಾಗೇ ತಂದ, ಎದೆಗವಚಿಕೊಂಡು ತಂದ. ಪಾಲಯ್ಯ ವೈರ್ ಸಿಕ್ಕಿಸಿ, ಹಾಡು ಹಚ್ಚಿ, "ನೋಡ್ಕೊಳ್ತಿರು" ಅಂತ ಟೀ ಕುಡಿಯೋಕೆ ಹೋದ. ತಿಪ್ಪೇಶಿ ಕೈಯಿಟ್ಟು ನೋಡಿದ. ಪೆಟ್ಟಿಗೆ ಮೈ ಬಿಸಿ! "ಅಯ್ಯೋ, ಕೂಸಿಗೆ ಜ್ವರ!" ಅಂತ ಮನೆಗೆ ಓಡಿ ಕರೀ ಕಂಬಳಿ ತಂದು, ತಲೆಯಿಂದ ಕಾಲಿನವರೆಗೆ ಬಿಗಿಯಾಗಿ ಸುತ್ತಿ, ಮಡಿಲಲ್ಲಿಟ್ಕೊಂಡು ತಟ್ಟಿದ. ಇನ್ನೂ ಬಿಸಿಯಾಯ್ತು. ಇನ್ನೂ ತಟ್ಟಿದ. ಹಾಡು ಕೊರಕೊರ ಅಂತು, ಆಮೇಲೆ ನಿಂತೇ ಹೋಯ್ತು. "ಮಲಗ್ತು," ಅಂದ ತಿಪ್ಪೇಶಿ.

ಪಾಲಯ್ಯ ಬಾಗಿಲಿಗೆ ಬಂದಾಗ ಸುಟ್ಟ ವಾಸನೆ. "ಏನ್ಲೇ ಇದು! ಉಸಿರು ಕಟ್ಟಿಸಿಬಿಟ್ಟೆಯಲ್ಲೋ! ಕೆಲಸ ಮಾಡೋವಾಗ ಇದು ಬಿಸಿಯಾಗುತ್ತೆ. ಮುಚ್ಚಿಡಬಾರದು! ಬಾಯಿ ತೆರೆದು ಗಾಳಿಗಿಡಬೇಕು, ಸೆಖೆ ಅನ್ನಿಸಿದ್ರೆ ಫ್ಯಾನ್ ಹಾಕಬೇಕು!"

"ಹೇಳಿದಂಗೇ ಮಾಡಿದ್ನಲ್ಲ ಮಾವ. ಇನ್ಮೇಲೆ ಗಾಳಿಗಿಡ್ತೀನಿ."

ಆಂಪ್ಲಿಫೈಯರ್ ರಿಪೇರಿಯಾಗಿ ಬರೋದ್ರೊಳಗೆ ಪಾಲಯ್ಯ ಗೋಡೆ ಕೊರೆದು ವೈರ್ ಎಳೆದ. ಬಿರುಕು ಮೆತ್ತೋಕೆ ಪ್ಲಾಸ್ಟರ್ ಪುಡಿ ಬೇಕಾಯ್ತು. ತಿಪ್ಪೇಶಿ ಚೀಲ ಹೊತ್ತು ತಂದ. ದಾರಿ ಉದ್ದಕ್ಕೂ ಗೊಣಗ್ತಾ ಬಂದ: ಮುಚ್ಚಿಡಬಾರದು, ಬಾಯಿ ತೆರೀಬೇಕು, ಸೆಖೆಯಾದ್ರೆ ಫ್ಯಾನು. ಮುಚ್ಚಿಡಬಾರದು, ಬಾಯಿ ತೆರೀಬೇಕು, ಸೆಖೆಯಾದ್ರೆ ಫ್ಯಾನು.

ರೂಮಿನ ನಡುವೆ ಚೀಲ ಇಳಿಸಿದ. ಬಾಯಿ ತೆರೆದ. ಸೆಖೆ ಇತ್ತು. ಫ್ಯಾನ್ ಹಾಕಿದ.

ಸಾಹುಕಾರ್ ಗುರುಬಸಪ್ಪ ಆಗತಾನೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಕೊಂಡು ಕೆಲಸ ನೋಡೋಕೆ ಬಂದ್ರು. ಒಳಗೆ ಬರೋವಾಗ ವಿಭೂತಿ ಹಣೆಗಷ್ಟೇ ಇತ್ತು. ಹೊರಗೆ ಹೋಗೋವಾಗ ಮೈತುಂಬಾ ಇತ್ತು. ಕಣ್ಣೆರಡು ಬಿಟ್ಟು ಏನೂ ಕಾಣಿಸಲಿಲ್ಲ. ಆ ಕಣ್ಣೆರಡೂ ಪಾಲಯ್ಯನನ್ನೇ ನೋಡ್ತಿದ್ದವು.

"ಲೇ ಮುಠ್ಠಾಳ!" ಅಂತ ಪಾಲಯ್ಯ ಕೆಮ್ತಾ ಕೆಮ್ತಾ ಬೈದ. "ಅದಕ್ಕೆ ನೀರು ಹಾಕಿ ಕಲಸಬೇಕು ಕಣಲೇ! ತೂತು ಕಂಡಲ್ಲಿ ಮೆತ್ತಿ, ಕೈಯಾಡಿಸಿದ್ರೆ ನುಣ್ಣಗೆ ಸಿಗಬೇಕು, ತೂತು ಇತ್ತು ಅನ್ನೋದೇ ಗೊತ್ತಾಗಬಾರದು!"

"ತೂತು ಕಂಡಲ್ಲಿ ಮೆತ್ತಬೇಕು. ಇಷ್ಟೇ ತಾನೇ ಮಾವ? ಮೊದಲೇ ಹೇಳಬಾರದಿತ್ತಾ?"

ಮಾರನೇ ದಿನ ಪಾಲಯ್ಯ ಬೆಳಗ್ಗೆಯಿಂದ ಕತ್ತೆತ್ತಿ, ಕೈ ನೋಯಿಸ್ಕೊಂಡು, ಸೂರಿನಲ್ಲಿ ಸ್ಪೀಕರ್ ಕೂರಿಸೋಕೆ ಗುಂಡಗೆ ತೂತು ಕೊರೆದ. ಮೂಲೇಲಿ ಗುಡುಗು ಗುಡುಗೋ ದೊಡ್ಡ ಪೆಟ್ಟಿಗೆ ಇಟ್ಟಿದ್ದ. ಗಾಳಿ ಆಡ್ಲಿ ಅಂತ ಮಾಡಿದೋರೇ ಅದರ ಹೊಟ್ಟೆಗೆ ಒಂದು ತೂತು ಬಿಟ್ಟಿರ್ತಾರೆ. ಪಾಲಯ್ಯ ಊಟಕ್ಕೆ ಹೋದ.

ಬಂದು ನೋಡ್ತಾನೆ, ಸೂರು ನುಣ್ಣಗಿದೆ! ಕನ್ನಡಿ ಥರ ಇದೆ! ಒಂದು ತೂತಿಲ್ಲ!

"ಇಲ್ಲಿ ಕೊರೆದಿದ್ದೆ ಅಲ್ವೇನೋ ನಾನು?"

"ಗೊತ್ತೇ ಆಗಲ್ಲ ಅಲ್ವಾ ಮಾವ!" ಅಂತ ತಿಪ್ಪೇಶಿ ಹಲ್ಲು ಬಿಟ್ಟ. "ಆ ಮೂಲೆ ಪೆಟ್ಟಿಗೆ ಹೊಟ್ಟೆ ಬಹಳ ಆಳ. ಅರ್ಧ ಚೀಲ ಹಿಡೀತು."

ಗುಡುಗೋ ಪೆಟ್ಟಿಗೆ ಹಾಕಿ ನೋಡಿದ್ರೆ, ಬಾಯಲ್ಲಿ ಮುದ್ದೆ ಇಟ್ಕೊಂಡು ಮಾತಾಡಿದಂಗೆ ಮ್ಮ್ ಮ್ಮ್ ಅಂತು. ಪಾಲಯ್ಯ ಪಂಚೆ ಎತ್ತಿಕಟ್ಟಿದ. ಉಳಿ ತಗೊಂಡು ಪೆಟ್ಟಿಗೆ ಹೊಟ್ಟೆ ಕೆತ್ತಿದ, ಮತ್ತೆ ಏಣಿ ಹತ್ತಿ ಮತ್ತೆ ಕೊರೆದ. ಕೊರೀತಾನೇ ಹೇಳಿದ: "ಕೇಳು. ಸ್ಪೀಕರಿಗೂ ಕೂತವರ ಕಿವಿಗೂ ನಡುವೆ ಏನೂ ಇರಬಾರದು. ಅಡ್ಡ ಏನಾದ್ರೂ ಕಂಡ್ರೆ, ಎತ್ತಿ ಆಚೆ ಇಡಬೇಕು. ಮೆತ್ತಬಾರದು. ಎತ್ತಿ ಆಚೆ ಇಡಬೇಕು."

"ಎತ್ತಿ ಆಚೆ ಇಡ್ತೀನಿ ಮಾವ."

ಸ್ಪೀಕರೆಲ್ಲ ಕೂತವು. ಆಂಪ್ಲಿಫೈಯರ್ ವಾಪಸ್ ಬಂತು. ಸಾಹುಕಾರ್ರು ಶಬ್ದ ಹೆಂಗೈತೆ ನೋಡೋಣ ಅಂತ ದೊಡ್ಡ ಸೋಫಾದಲ್ಲಿ ಕೂತ್ರು. ಅವರ ತಾಯಿ ಗೌರಜ್ಜಿ, "ನನಗೆ ದೂರ ಆದ್ರೆ ಕಾಣಲ್ಲ ಕಣಪ್ಪ" ಅಂತ ಮುಂದೆ ಕುರ್ಚಿ ಹಾಕಿಸ್ಕೊಂಡು, ಎಲೆ ಅಡಿಕೆ ಕುಟ್ತಾ ಕೂತಿದ್ಲು.

ತಿಪ್ಪೇಶಿ ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದ. ಇಲ್ಲಿ ಸ್ಪೀಕರು, ಅಲ್ಲಿ ಸಾಹುಕಾರರ ಕಿವಿ. ನಡುವೆ ಅಜ್ಜಿ.

ಕುರ್ಚಿ ಸಮೇತ ಎತ್ತಿದ.

"ಏಯ್! ಏಯ್! ಯಾವನಲೇ ಇವನು! ಬಿಡೋ! ನನ್ನ ಕುಟ್ಟಾಣಿ!" ಅಂತ ಅಜ್ಜಿ ಕೂಗ್ತಾನೇ ಮೆಟ್ಟಿಲಿಳಿದ್ಲು. ತಿಪ್ಪೇಶಿ ಅವಳನ್ನ ಮನೆಗೆ ಅಂಟಿದ ಮಿಲ್ಲಿನ ಅಂಗಳದಲ್ಲಿ, ಶೇಂಗಾ ಹಿಂಡಿ ಚೀಲಗಳ ಪಕ್ಕ, ನೆರಳು ನೋಡಿ ಇಟ್ಟ. ವಾಪಸ್ ಹೋಗಿ ಬಿದ್ದ ಕುಟ್ಟಾಣಿ ತಂದು ಕೈಗೆ ಕೊಟ್ಟ. ನೆರಳಿಗಿಟ್ಟಿದ್ದೂ ಕುಟ್ಟಾಣಿ ತಂದದ್ದೂ ನೋಡಿ ಅಜ್ಜಿ ಅರ್ಧ ಬೈಗುಳ ನುಂಗಿದ್ಲು.

ಸಾಹುಕಾರ್ರು ನುಂಗಲಿಲ್ಲ. "ಪಾಲಯ್ಯ, ಸೋಮವಾರ ಊರಿನ ಬೇರೆ ಮಿಲ್ಲಿನೋರನ್ನೆಲ್ಲ ಸಿನಿಮಾಕ್ಕೆ ಕರ್ದಿದೀನಿ. ಅವತ್ತು ಇವನೇನಾದ್ರೂ ಮಾಡಿದ್ರೆ, ಇವನೂ ಇರಲ್ಲ, ನೀನೂ ಇರಲ್ಲ!"

ಪಾಲಯ್ಯ ತಿಪ್ಪೇಶಿ ಕಿವಿ ಹಿಡಿದು ಗೋಡೆ ಕಡೆ ತಿರುಗಿಸಿದ. "ಆ ಅಜ್ಜಿ ಈ ಮನೆಗೆಲ್ಲ ದೊಡ್ಡೋರು ಕಣಲೇ! ಇನ್ನು ನಾನು ಹೇಳಿದ್ದು ಮರ್ತುಬಿಡು. ನಿನ್ನ ಬುದ್ಧಿ ಉಪಯೋಗಿಸಬೇಡ. ಅಜ್ಜಿ ಏನು ಹೇಳ್ತಾರೋ ಅಷ್ಟು ಮಾಡು. ಅವರು ಬಾಯಿ ತೆರೆದ್ರೆ ಓಡು!"

"ಅಜ್ಜಿ ಹೇಳಿದಂಗೇ ಮಾಡ್ತೀನಿ ಮಾವ."

ಸೋಮವಾರ ಮಧ್ಯಾಹ್ನ. ಹೊರಗೆ ಸುಡು ಬಿಸಿಲು. ಒಳಗೆ ಕಿಟಕಿ ಪರದೆ ಎಳೆದು ಕತ್ತಲು. ಊರಿನ ಮಿಲ್ಲಿನ ಯಜಮಾನರೆಲ್ಲ ಸಾಲಾಗಿ ಕೂತಿದ್ರು. ನಡುವೆ ಸಾಹುಕಾರ್ರು, ಪಕ್ಕದಲ್ಲಿ ಗೌರಜ್ಜಿ. ಬಾಗಿಲ ಹತ್ರ ತಿಪ್ಪೇಶಿ, ಅಜ್ಜಿ ಬಾಯನ್ನೇ ನೋಡ್ತಾ ನಿಂತಿದ್ದ. ಅಜ್ಜಿ ಎರಡು ಸಲ ಆಕಳಿಸಿದ್ಲು. ಎರಡು ಸಲವೂ ಬಾಯಿ ತೆರೀತು, ಎರಡು ಸಲವೂ ಇವನು ಬೀದಿವರೆಗೂ ಓಡಿ ಬಂದ.

ಸಿನಿಮಾದಲ್ಲಿ ಮೋಡ ಕಟ್ಟಿತು. ಪರದೆ ಹತ್ರ ಗುಡುಗು ಹುಟ್ಟಿ, ಸೂರಿನ ಮೇಲೆ ಉರುಳ್ಕೊಂಡು ಹೋಗಿ ಬೆನ್ನ ಹಿಂದೆ ಬಿತ್ತು. ಟಪ್. ಟಪ್ ಟಪ್. ಆಮೇಲೆ ಧೋ ಅಂತ ಶುರುವಾಯ್ತು. ಒಬ್ಬ ಯಜಮಾನ ಕೈಯಿಂದ ಬೋಳುತಲೆ ಒರೆಸ್ಕೊಂಡ. ಪಾಲಯ್ಯನ ಎದೆ ಉಬ್ಬಿತು.

"ಅಯ್ಯೋ ಮಳೆ ಬಂತು!" ಅಂತ ಗೌರಜ್ಜಿ ಎದ್ದೇ ಬಿಟ್ಲು. "ಎಲ್ಲಾ ನೆಂದು ಹೋಗುತ್ತೆ! ತಾಡಪಾಲು ತಂದು ಹೊದಿಸ್ರೋ!"

ಯಾರೂ ಏಳಲಿಲ್ಲ. ತಿಪ್ಪೇಶಿ ಓಡಿದ.

ಅಂಗಳಕ್ಕೆ ಬಂದು ನೋಡ್ತಾನೆ, ಹರವಿದ ಶೇಂಗಾ ಬಿಸಿಲಿಗೆ ಪಟಪಟ ಅಂತಿದೆ. ಕೈ ಚಾಚಿದ, ಒಂದು ಹನಿ ಇಲ್ಲ. ಮುಖ ಎತ್ತಿದ, ಒಂದು ಮೋಡ ಇಲ್ಲ. "ಇಲ್ಲಿ ಬರ್ತಿಲ್ಲ," ಅಂದ. ಮಾಳಿಗೆ ಕಡೆ ಕಿವಿ ಇಟ್ಟ. ಧೋ! "ಅಲ್ಲಿ ಬರ್ತಿದೆ."

ಹಿಂಡಿ ಚೀಲದ ಮೇಲಿದ್ದ ತಾಡಪಾಲು ಎಳೆದ, ಹೆಗಲಿಗೆ ಹಾಕ್ಕೊಂಡ, ಮೆಟ್ಟಿಲು ಹಾರಿದ. ಸೋಫಾ ಹಿಂದಿನಿಂದ ಒಂದೇ ಬೀಸು! ಸಾಹುಕಾರ್ರು, ಮಿಲ್ಲಿನ ಯಜಮಾನರು, ಅಜ್ಜಿ, ಎಲ್ಲರೂ ಒಳಗೆ. ನಾಲ್ಕು ಮೂಲೆಗೂ ಕುರ್ಚಿ ಭಾರ ಇಟ್ಟ.

ಪಾಲಯ್ಯ ತಲೆ ಮೇಲೆ ಕೈಹೊತ್ತು ನೆಲಕ್ಕೆ ಕೂತ. ಮೇಲಿಂದ ಮಳೆ ಸುರೀತಾನೇ ಇತ್ತು. ಕೆಳಗೆ ತಾಡಪಾಲು ಉಬ್ಬಿ ಉಬ್ಬಿ ಇಳೀತಿತ್ತು.

"ಪಾಲಯ್ಯಾ!" ತಾಡಪಾಲಿನ ಒಳಗಿಂದ ಸಾಹುಕಾರರ ದನಿ.

"ಸಾಹುಕಾರ್ರೇ!"

"ಈ ಹುಡುಗನ್ನ ಈ ಕ್ಷಣ..."

"ಈ ಹುಡುಗ ಇಲ್ಲೇ ಇರಲಿ," ಅಂತು ಅಜ್ಜಿ ದನಿ. "ಮಳೆ ಅಂದ್ರೆ ಇಷ್ಟು ಜನ ಗಂಡಸರಲ್ಲಿ ಎದ್ದೋನು ಇವನೊಬ್ಬ."

"ಅವ್ವಾ, ಅದು ಮಳೆ ಅಲ್ಲ, ಸ್ಪೀಕರು!"

"ಮುಚ್ಚೋ ಬಾಯಿ! ನೀನು ಹುಟ್ಟೋಕೆ ಮುಂಚಿಂದ ಮಳೆ ಕೇಳಿದೀನಿ. ನನಗೆ ಮಳೆ ಗೊತ್ತಾಗಲ್ವಾ?"

ತಾಡಪಾಲಿನಲ್ಲಿ ಒಂದು ಉಬ್ಬು ಪಕ್ಕಕ್ಕೆ ವಾಲಿತು. ಆಮೇಲೆ ಒಳಗೆ ಸಾಹುಕಾರ್ರು ಪಕ್ಕದವರಿಗೆ ಹೇಳಿದ್ದು ಕೇಳಿಸ್ತು: "ಕೇಳಿದ್ರೇನ್ರಯ್ಯಾ? ನಮ್ಮವ್ವನೇ ಮಳೆ ಅಂದ್ಲು! ನಿಮ್ಮಲ್ಲಿ ಯಾರ ಮನೇಲಾದ್ರೂ ಐತಾ ಇಂಥಾ ಸ್ಪೀಕರು?" ದನಿ ಎತ್ತರಿಸಿ ಕೂಗಿದ್ರು: "ಪಾಲಯ್ಯ, ಆ ಮಳೆ ಇನ್ನೊಂದ್ಸಲ ಹಾಕು! ಹುಡುಗ ಇರಲಿ."

"ತಾಡಪಾಲು ತೆಗೆಸ್ಲಾ ಸಾಹುಕಾರ್ರೇ?"

"ಇರಲಿ ಬಿಡು. ಇದರ ಕೆಳಗೇ ಚೆನ್ನಾಗಿ ಕೇಳುತ್ತೆ."

ಸಂಜೆ ಮಾರಕ್ಕ ಬಾಣಲೆ ಬಿಟ್ಟು ಎದ್ದು ನಿಂತು ಕೇಳಿದಳು: "ಉಳೀತೇನೋ ಕೆಲಸ?"

"ಉಳೀತವ್ವ."

ಮಾರಕ್ಕ ಎರಡೂ ಕೈಯೆತ್ತಿ ದೇವರಿಗೆ ಮುಗಿದಳು. ಕೈ ಇಳಿಸೋದ್ರೊಳಗೆ ತಿಪ್ಪೇಶಿ ಬಚ್ಚಲೊಲೆ ಮೇಲಿನ ತಾಮ್ರದ ಹಂಡೆ ಹಿಡಿದು ಅಲ್ಲಾಡಿಸ್ತಿದ್ದ.

"ಅದ್ಯಾಕ್ಲೇ?"

"ನಾಳೆ ಬೆಟ್ಟ ಕುಸಿಯೋ ಸಿನಿಮಾ ಅಂತೆ. ಅಜ್ಜಿ ಮೇಲೆ ಕವುಚಬೇಕು."

"ಅಜ್ಜಿ ಹೇಳಿದ್ರೇನೋ?"

"ಅಜ್ಜಿ ಹೇಳಿದ್ದು ಮಳೆಗೆ ತಾಡಪಾಲು ಅಂತ," ಅಂದ ತಿಪ್ಪೇಶಿ. "ಕಲ್ಲು ಬಂಡೆಗೆಲ್ಲ ತಾಡಪಾಲು ತಡೆಯುತ್ತಾ ಅವ್ವ? ನೀನೇ ಯೋಚನೆ ಮಾಡು."

ಮಗ ತನ್ನ ಸ್ವಂತ ತಲೆಯಿಂದ ಯೋಚನೆ ಮಾಡಿದ್ದು ಅದೇ ಮೊದಲು. ಮಾರಕ್ಕ ಹಂಡೆ ನೀರು ಚೆಲ್ಲಿ, ಮಸಿ ಒರೆಸಿ, ಕೊಟ್ಟಳು.

ಸಾಹುಕಾರ್ರು ತಾಡಪಾಲಿನ ಕೆಳಗೆ, ಅಜ್ಜಿ ಹಂಡೆ ಕೆಳಗೆ, ನಾವು ಬಿಸಿಲಲ್ಲಿ.