ತಾಯಿ ಬೆಕ್ಕು ಮರಿಗೆ ಬುಸ್ ಅನ್ನೋದು ಯಾಕೆ

ಭೂಮಿ ಇನ್ನೂ ಹಸಿಯಾಗಿದ್ದ ಕಾಲ ಅದು. ಗುಡ್ಡದ ಮೇಲೆ ಕೈ ಊರಿದರೆ ಬೆರಳಿನ ಗುರುತು ಬೀಳುತ್ತಿತ್ತು. ಯಾವ ಊರಿಗೆ ಹೋಗಬೇಕು ಅಂತ ದಾರಿಗಳಿಗೇ ಇನ್ನೂ ಗೊತ್ತಿರಲಿಲ್ಲ. ಸುಮ್ಮನೆ ಬಯಲಲ್ಲಿ ಅಡ್ಡಾಡಿಕೊಂಡಿದ್ದವು.

ಆಗ ಆಕಾಶ ಎಲ್ಲ ತಾಯಂದಿರನ್ನೂ ಕರೆದು, ಮಕ್ಕಳನ್ನು ಯಾವಾಗ ಬಿಟ್ಟುಕೊಡಬೇಕು ಅಂತ ಹೇಳಿತು. ಮೀನಿಗೆ, ಮೊಟ್ಟೆ ಒಡೆದ ಕೂಡಲೇ ಅಂತ. ಗಿಳಿಗೆ, ರೆಕ್ಕೆ ಬಲಿತ ಮೇಲೆ ಅಂತ. ಆಕಳಿಗೆ, ಕರು ಹುಲ್ಲು ಮೇಯ್ದ ಮೇಲೆ ಅಂತ. ಬೆಕ್ಕಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಆಕಾಶ ಮಾತಾಡುವಾಗ ಅದು ಬಂಡೆಯ ಮೇಲೆ ಮೈ ಚಾಚಿ ನಿದ್ದೆ ಹೊಡೆಯುತ್ತಿತ್ತು.

ಆ ಬಯಲಿನಲ್ಲಿ ಹಂಪವ್ವ ಅಂತ ಒಬ್ಬಳು ಮುದುಕಿ ಇದ್ದಳು. ಇಡೀ ಲೋಕಕ್ಕೆ ಇದ್ದದ್ದು ಒಂದೇ ಗಡಿಗೆ ಬೀಜದ ಜೋಳ, ಅದು ಅವಳ ಮನೆಯಲ್ಲಿತ್ತು. ಮೊದಲ ಮಳೆ ಬಿದ್ದ ಕೂಡಲೇ ಬಿತ್ತಬೇಕು. ಬಿತ್ತಿದರೆ ಮುಂದೆ ಎಲ್ಲರ ತಟ್ಟೆಗೂ ರೊಟ್ಟಿ, ಇಲ್ಲದಿದ್ದರೆ ಯಾರಿಗೂ ಇಲ್ಲ. ಆದರೆ ಆಗ ಗೋಡೆಯೂ ಹಸಿ, ಗಡಿಗೆಯೂ ಹಸಿ. ಹೆಗ್ಗಣ ಎಲ್ಲಿ ಕೊರೆದರೆ ಅಲ್ಲೇ ಬಾಗಿಲು.

ಹಂಪವ್ವ ಬೆಕ್ಕಿನ ಹತ್ತಿರ ಬಂದಳು. "ಬೆಕ್ಕವ್ವಾ, ಹೆಗ್ಗಣ ನನ್ನ ಬೀಜಕ್ಕ ಬಾಯಿ ಹಾಕ್ಯಾವ. ನನ್ನ ಮನ್ಯಾಗ ಬಂದು ಇರು."

"ನಾನು ಬಯಲಿನಾಕಿ, ಹಂಪವ್ವ. ನಾಲ್ಕು ಗೋಡಿ ನಡುವ ನನಗ ಉಸಿರು ಕಟ್ಟತೈತಿ. ಬೇಕಾದ್ರ ನನ್ನ ಮರಿ ಕೊಡತೀನಿ. ಆದರ ಯಾವಾಗ ಕೊಡಬೇಕು ಅಂತ ನನಗ ಗೊತ್ತಿಲ್ಲ."

ಅಲ್ಲೇ ಹೊರಟಿದ್ದ ಗಾಳಿ ಬಾಯಿ ಹಾಕಿತು. "ಕಣ್ಣು ಬಿಟ್ಟೈತಿಲ್ಲ? ಮತ್ತೇನು! ಕೊಟ್ಟು ಕಳಸು. ನಾನು ಎಲಿ ಒಯ್ಯೋವಾಗ ಗಿಡಾನ ಕೇಳತೀನೇನು?"

ಅಷ್ಟು ಕೇಳಿದ್ದೇ ತಡ, ಹಂಪವ್ವ ಮರಿಯನ್ನು ಉಡಿಯಲ್ಲಿ ಹಾಕಿಕೊಂಡು ಮನೆಗೆ ನಡೆದಳು.

ಮರಿ ಗಡಿಗೆಯ ಪಕ್ಕ ಕೂತು ಅತ್ತಿತು. ಹಂಪವ್ವನ ಕಂಬಳಿಯಲ್ಲಿ ಹಾಲು ಹುಡುಕಿತು. ಸಿಗಲಿಲ್ಲ, ಇನ್ನೂ ಜೋರಾಗಿ ಅತ್ತಿತು. ಆಗ ಡೊಳ್ಳುಹೊಟ್ಟೆಯ ಹೆಗ್ಗಣವೊಂದು ಬಂದು ಮರಿಯ ಬಾಲದ ಮೇಲೇ ಕೂತುಬಿಟ್ಟಿತು. "ಏನು ಹಂಪವ್ವ, ಇದೇ ಏನು ನಿನ್ನ ಪೈಲ್ವಾನ? ಮೂಗು ಒರಸು ಅದಕ್ಕ, ಸುರಿಯಾಕ ಹತ್ತೈತಿ!" ಅಂದು ಹೊಟ್ಟೆ ತುಂಬ ಜೋಳ ತಿಂದು ಹೋಯಿತು.

ಹಂಪವ್ವ ಮರಿಯನ್ನು ತಿರುಗಿ ತಂದು ತಾಯಿಯ ಮುಂದೆ ಇಟ್ಟಳು. "ತಪ್ಪಾತವ್ವ. ಕಣ್ಣು ಬಿಟ್ಟೈತಿ ಖರೆ. ಆದರ ಕೂಸು ಇನ್ನೂ ಕೂಸೇ."

ತಾಯಿ ಮರಿಯನ್ನು ನೆಕ್ಕಿ ನೆಕ್ಕಿ ಒದ್ದೆ ಮಾಡಿತು. ಇನ್ನು ಅವಸರ ಮಾಡಬಾರದು ಅಂದುಕೊಂಡು ಹೊಳೆಯನ್ನು ಕೇಳಿತು.

"ಸುಮ್ಮನಿರು," ಅಂದಿತು ಹೊಳೆ. "ನಾನು ಯಾರನ್ನೂ ಹೋಗು ಅನ್ನೋದಿಲ್ಲ. ನೀರು ತಾನಾಗೇ ಹೋಗತೈತಿ."

ಸರಿ, ತಾಯಿ ಕಾಯಿತು. ಮರಿಗೆ ಹಲ್ಲು ಬಂತು. ಮಿಡತೆ ಹಿಡಿಯಿತು, ಓತಿಕ್ಯಾತವನ್ನು ಓಡಿಸಿತು. ಹಸಿವಾದರೆ ಮಾತ್ರ ಓಡಿಬಂದು ತಾಯಿಯ ಹೊಟ್ಟೆಗೇ ಬಾಯಿ ಹಾಕುತ್ತಿತ್ತು. ಹಲ್ಲು ನೆಟ್ಟು ತಾಯಿಗೆ ಗಾಯವಾಯಿತು. ಮರಿಗೆ ಅದೆಲ್ಲ ಎಲ್ಲಿ ಗೊತ್ತು?

ಅಷ್ಟರಲ್ಲಿ ಗಡಿಗೆ ಅರ್ಧವಾಯಿತು, ಆಮೇಲೆ ಕಾಲು ಗಡಿಗೆ ಆಯಿತು. ಹಂಪವ್ವ ಮತ್ತೆ ಬಂದಳು. ಈ ಸಲ ಅವಳು ಬೇಡಲಿಲ್ಲ. ಮೂಡಣ ದಿಕ್ಕಿಗೆ ಕೈ ತೋರಿಸಿದಳಷ್ಟೇ. ಅಲ್ಲಿ ಮೋಡ ಕಪ್ಪಗಾಗುತ್ತಿತ್ತು.

ತಾಯಿ ಮರಿಯ ಕಡೆ ತಿರುಗಿ ಹೋಗು ಅನ್ನೋಕೆ ಬಾಯಿ ತೆರೆಯಿತು. ಗುರ್ ಗುರ್ ಅಂತ ಬಂತು. ಆ ಕಾಲದಲ್ಲಿ ಬೆಕ್ಕಿನ ಗಂಟಲಲ್ಲಿ ಇದ್ದದ್ದು ಮುದ್ದಿನ ದನಿ ಒಂದೇ. ಮತ್ತೆ ಹೇಳಿತು. ಮತ್ತೆ ಗುರ್ ಗುರ್. ಮರಿ ಖುಷಿಯಾಗಿ ಇನ್ನೂ ಒತ್ತಿಕೊಂಡು ಮಲಗಿತು.

ತಾಯಿ ಎದ್ದು ನೆಟ್ಟಗೆ ಹುತ್ತಕ್ಕೆ ಹೋಯಿತು.

"ನಾಗಪ್ಪಾ, ನಿನ್ನ ಬುಸ್ ನನಗ ಸ್ವಲ್ಪ ಕೊಡು."

ಹಾವು ತಲೆ ಎತ್ತಿತು. "ಇದನ್ನ ಕೇಳಿದ್ರ ಊರೇ ಓಡತೈತಿ. ನೀನೊಬ್ಬಾಕಿ ಕೇಳಿ ಇಸಕೊಳ್ಳಾಕ ಬಂದೀಯಲ್ಲ! ಯಾರ ಮ್ಯಾಲ ಸಿಟ್ಟು?"

"ಸಿಟ್ಟಿಲ್ಲ. ಮರಿಗೆ ಬುಸ್ ಅನ್ನಬೇಕು."

ಹಾವು ಹೆಡೆ ತಗ್ಗಿಸಿತು. "ಮರಿ ನಿನ್ನ ಮ್ಯಾಲ ಮುನಿಸ್ಕೊಂಡ್ರ?"

"ಮುನಿಸ್ಕೊಳ್ಳಲಿ. ಬದುಕಿದ್ರ ಸಾಕು."

ಹಾವು ಒಂದು ಬುಸ್ ಕೊಟ್ಟಿತು. ಬೆಕ್ಕು ಅದನ್ನು ಬಾಯಲ್ಲಿ ಬಚ್ಚಿಟ್ಟುಕೊಂಡು ಬಂತು.

ಮರಿ ಎಂದಿನಂತೆ ಓಡಿಬಂತು. ತಾಯಿ ಬಾಯಿ ತೆರೆಯಿತು. ಬುಸ್!

ಮರಿ ಹಿಂದಕ್ಕೆ ತಿರುಗಿ ನೋಡಿತು, ಹಾವು ಎಲ್ಲಿದೆ ಅಂತ. ಇರಲಿಲ್ಲ. "ಅವ್ವಾ, ನಾನು," ಅಂದಿತು. ಮತ್ತೆ ಹತ್ತಿರ ಬಂತು. ಬುಸ್! ಜೊತೆಗೆ ಮೂತಿಗೆ ಒಂದು ಏಟೂ ಬಿತ್ತು. ಉಗುರು ಒಳಗೆಳೆದುಕೊಂಡೇ ಹೊಡೆದದ್ದು, ಆದರೂ ಏಟು ಏಟೇ.

ಮರಿಯ ಕಣ್ಣಲ್ಲಿ ನೀರು ತುಂಬಿತು. ಬೆನ್ನು ಕಮಾನಾಯಿತು, ಮೈಯ ಕೂದಲೆಲ್ಲ ನೆಟ್ಟಗೆ ನಿಂತವು, ಬಾಲ ಪೊರಕೆಯಂತಾಯಿತು. ಆ ಪುಟ್ಟ ಬಾಯಿಂದಲೂ ಬಂತು. ಬುಸ್!

ತಾಯಿ ಅದನ್ನೇ ನೋಡುತ್ತ ನಿಂತಿತು. ಕಳಿಸುವ ಹೊತ್ತು ಕಣ್ಣು ಬಿಟ್ಟಾಗ ಆಗಿರಲಿಲ್ಲ, ಹಲ್ಲು ಬಂದಾಗಲೂ ಆಗಿರಲಿಲ್ಲ. ಈಗ ಆಗಿತ್ತು. ಹೆತ್ತ ತಾಯಿಗೇ ದೂರ ಸರಿ ಅನ್ನುವ ಮರಿ ಇನ್ನು ಯಾರಿಗೆ ಹೆದರೀತು?

"ಹಂಪವ್ವಾ," ಅಂತ ಕೂಗಿತು ತಾಯಿ. "ಇವತ್ತ ಕರಕೊಂಡು ಹೋಗು. ಈಗಿಂದೀಗ."

ಅಂದು ಸಂಜೆ ಡೊಳ್ಳುಹೊಟ್ಟೆಯ ಹೆಗ್ಗಣ ಬಳಗವನ್ನೆಲ್ಲ ಊಟಕ್ಕೆ ಕರೆತಂದಿತ್ತು. ಗಡಿಗೆಯ ತಳದಲ್ಲಿ ಉಳಿದದ್ದು ಒಂದು ಮೊರದಷ್ಟು ಜೋಳ. "ಓಹೋ, ಪೈಲ್ವಾನರು ಮತ್ತ ಬಂದಾರ! ಬಾಲ ಹಾಸಪ್ಪ, ಕೂಡತೀನಿ," ಅಂದಿತು.

ಮರಿ ಅಳಲಿಲ್ಲ. ಅವ್ವನನ್ನು ಕರೆಯಲೂ ಇಲ್ಲ. ಬೆನ್ನು ಕಮಾನು ಮಾಡಿ ಬುಸ್ ಅಂದಿತು.

"ಹಾವೈತ್ರೋ!" ಅಂತ ಒಂದು ಹೆಗ್ಗಣ ಕಿರುಚಿತು. ಒಂದರ ಮೇಲೊಂದು ಬಿದ್ದು ಎದ್ದು ಎಲ್ಲವೂ ಓಡಿದವು. ಡೊಳ್ಳುಹೊಟ್ಟೆಯದು ಬಂದ ಬಿಲದಲ್ಲೇ ಸಿಕ್ಕಿಹಾಕಿಕೊಂಡಿತು. ಆಮೇಲೆ ಮರಿಗೆ ಹಾಲಿನ ನೆನಪೇ ಆಗಲಿಲ್ಲ.

ಮರುದಿನ ಮಳೆ ಬಂತು. ಹಂಪವ್ವ ಆ ಒಂದು ಮೊರ ಜೋಳವನ್ನು ಬಿತ್ತಿದಳು. ಇವತ್ತು ನಾವು ತಿನ್ನುವ ರೊಟ್ಟಿಯೆಲ್ಲ ಅದರದ್ದೇ ಸಂತಾನ.

ಅದಕ್ಕೇ, ಹಾಲಿಗೆ ಬಂದ ಮರಿಗೆ ತಾಯಿ ಬೆಕ್ಕು ಬುಸ್ ಅಂದರೆ ನೀನು ತಾಯಿಯನ್ನು ಬೈಯಬೇಡ. ಮರಿಯೂ ತಿರುಗಿ ಬುಸ್ ಅನ್ನೋ ತನಕ ಕಾದು, ಆಮೇಲೆ ಅದನ್ನು ಎತ್ತಿಕೊಂಡು ನಿನ್ನ ಮನೆಗೆ ಹೋಗು.