ಹಾಲೇಶ ಹೆಗಲು ಕೊಟ್ಟಿದ್ದು

ಯಾವ ಊರು ಅಂತ ಕೇಳಬೇಡಿ. ಪೆದ್ದನಿಲ್ಲದ ಊರು ನಾನಂತೂ ಕಂಡಿಲ್ಲ. ಇದು ಕೊಟ್ರಮ್ಮನ ಒಬ್ಬನೇ ಮಗ ಹಾಲೇಶನ ಕತೆ. ವಯಸ್ಸು ಇಪ್ಪತ್ತೊಂಬತ್ತು. ಮೈಯಲ್ಲಿ ಎತ್ತಿನ ಬಲ, ತಲೆಯಲ್ಲಿ ಬರೀ ಹತ್ತಿ. ಹೇಳಿದ್ದನ್ನು ಹೇಳಿದಷ್ಟೇ ಮಾಡುವುದು ಅವನ ರೋಗ. "ಬಾಗಿಲು ನೋಡ್ಕೋ" ಅಂದರೆ ಸಂಜೆತನಕ ಬಾಗಿಲನ್ನೇ ನೋಡುತ್ತಾ ಕೂತ. ಕಳ್ಳ ಹಿತ್ತಿಲಿಂದ ಬಂದು ಕೊಡಪಾನ ಎತ್ತಿಕೊಂಡು ಹೋದ.

ಒಂದು ಕೆಲಸ ಮಾತ್ರ ಅವನಿಗೆ ಚೆನ್ನಾಗಿ ಬರುತ್ತಿತ್ತು. ಓಣಿಯಲ್ಲಿ ಯಾರು ಸತ್ತರೂ ಮೊದಲ ಹೆಗಲು ಅವನದೇ. ನಮ್ಮವರಲ್ಲಿ ಸತ್ತವರನ್ನು ಕೂರಿಸಿ ಹೊರುತ್ತಾರೆ, ದಾರಿಯುದ್ದಕ್ಕೂ ಮಂಡಕ್ಕಿ ಎರಚುತ್ತಾರೆ. ಅದರಲ್ಲಿ ಹಾಲೇಶನನ್ನು ಮೀರಿಸಿದವರಿಲ್ಲ.

ಹತ್ತು ಹೆಣ್ಣಿನ ಕಡೆಯವರು ಇವನನ್ನು ಬೇಡ ಅಂದಾಗಿತ್ತು. ಹನ್ನೊಂದನೆಯ ಸಂಬಂಧವನ್ನು ಬ್ರೋಕರ್ ಪಂಚಾಕ್ಷರಯ್ಯ ತಂದ.

"ನೋಡವ್ವ ಕೊಟ್ರಮ್ಮ, ಹುಡುಗಿ ಹೆಸರು ದಾಕ್ಷಾಯಿಣಿ. ಬಿ.ಕಾಂ. ಓದಿದಾಳೆ. ಹೊಲ ಕೇಳಲ್ಲ, ಬಂಗಾರ ಕೇಳಲ್ಲ. ಗಂಡನಿಗೆ ತನ್ನ ಫೀಲಿಂಗ್ಸ್ ಅರ್ಥ ಆಗಬೇಕಂತೆ. ಅಳು ಬಂದಾಗ ಶೋಲ್ಡರ್ ಕೊಡಬೇಕಂತೆ."

"ಶೋಲ್ಡರ್ ಅಂದ್ರೇನ್ರಿ?"

"ಹೆಗಲು ಕಣವ್ವ. ಮುಂದಿನ ಭಾನುವಾರ ಬನ್ನಿ. ಇದೂ ತಪ್ಪಿದರೆ ನನ್ನ ಹತ್ತಿರ ಬೇರೆ ಹೆಣ್ಣಿಲ್ಲ, ಈಗಲೇ ಹೇಳಿದೀನಿ!"

ಕನ್ನಡದ ಸಿಟ್ಟೇ ಅರ್ಥವಾಗದವನಿಗೆ ಇಂಗ್ಲಿಷಿನ ಫೀಲಿಂಗ್ಸ್ ಯಾರು ಕಲಿಸಬೇಕು? ಕೊಟ್ರಮ್ಮ ಹಣೆ ಹಣೆ ಚಚ್ಚಿಕೊಂಡಳು. ಆಮೇಲೆ ಮಗನನ್ನು ಕೂರಿಸಿಕೊಂಡು ಹೇಳಿದಳು.

"ಓಣಿಯಲ್ಲಿ ಒಂದು ಸುತ್ತು ಹೋಗಿ ಬಾ. ಯಾರಾದರೂ ಮನಸ್ಸಿನದನ್ನ ಇಂಗ್ಲಿಷಲ್ಲಿ ಹೇಳಿದರೆ ಅರ್ಥ ಮಾಡ್ಕೊಂಡು, ಏನು ಮಾಡಬೇಕೋ ಮಾಡು."

"ಇಷ್ಟೇ ತಾನೆ? ಆಯ್ತವ್ವ!"

ಎದುರುಮನೆ ಜಗಲಿಯ ಮೇಲೆ ತಿಪ್ಪೇಸ್ವಾಮಿ ಕೂತಿದ್ದ. ಪೋಸ್ಟ್‌ಮ್ಯಾನ್ ಆಗಿದ್ದವನು, ರಿಟೈರ್ ಆಗಿ ಒಂದು ತಿಂಗಳು.

"ಬಾರೋ ಹಾಲೇಶ. ಯಾಕೋ ಬೋರ್ ಹೊಡೀತಿದೆ ಕಣೋ."

"ಬೋರಾ! ಎಷ್ಟು ಅಡಿ ಆಯ್ತು?"

"ಅಡಿ ಎಲ್ಲಿಂದ ಬಂತೋ? ಬೆಳಗ್ಗೆಯಿಂದ ಹೊಡೀತಾನೇ ಇದೆ!"

"ಬೆಳಗ್ಗೆಯಿಂದಲಾ! ಹಂಗಾದ್ರೆ ನೀರು ಬಿದ್ದೇ ಬೀಳುತ್ತೆ!"

ಓಡಿಹೋಗಿ ತೆಂಗಿನಕಾಯಿ ತಂದ. ಜಗಲಿಗೆ ಕುಂಕುಮ ಹಚ್ಚಿದ, ಕಾಯಿ ಒಡೆದ, "ನೀರು ಬಂತು, ಕೊಡ ತನ್ನಿ!" ಅಂತ ಕೂಗಿದ. ನಲ್ಲಿ ನಿಂತು ನಾಲ್ಕು ದಿನವಾಗಿದ್ದ ಓಣಿ ಅದು. ಇಪ್ಪತ್ತು ಹೆಂಗಸರು ನಲವತ್ತು ಕೊಡ ಹಿಡಿದು ಬಂದರು.

"ಎಲ್ಲಿ ನೀರು?" "ಹಿತ್ತಿಲಲ್ಲಿ ಬಚ್ಚಿಟ್ಟಿದೀಯೇನಯ್ಯಾ?" "ಸರ್ಕಾರದ ಪಿಂಚಣಿ ತಿಂದು ನೀರೂ ಒಬ್ಬನಿಗೇ ಬೇಕಾ?"

ಪಾಪ, ತಿಪ್ಪೇಸ್ವಾಮಿಗೆ ಆಮೇಲೆ ಬೋರ್ ಹೊಡೆಯಲಿಲ್ಲ. ಬಾಗಿಲು ಹಾಕಿಕೊಳ್ಳುವುದರಲ್ಲೇ ಮಧ್ಯಾಹ್ನವಾಯಿತು.

"ಅಯ್ಯೋ ನನ್ನ ಕರ್ಮವೇ! ಬೋರ್ ಅಂದ್ರೆ ಬೇಸರ ಕಣೋ, ಬೇಸರ!" ಅಂದಳು ಕೊಟ್ರಮ್ಮ. "ಬೇಸರ ಆದವರನ್ನ ಕಂಡರೆ ನಗಿಸಬೇಕು!"

"ಇಷ್ಟೇ ತಾನೆ? ಆಯ್ತವ್ವ!"

ಮರುದಿನ ಹಾಲಿನ ಡೇರಿಯ ಪ್ರೇಮಕ್ಕನ ಮನೆಗೆ ಹೋದ. ಅವಳ ಎಮ್ಮೆ ಸತ್ತು ಅಂಗಳದಲ್ಲಿ ಬಿದ್ದಿತ್ತು.

"ಮೂಡೆಲ್ಲ ಆಫ್ ಆಗಿದೆ ಕಣೋ ಹಾಲೇಶ."

"ಅಂದ್ರೆ ಬೇಸರವಾ ಅಕ್ಕ?"

"ಎಮ್ಮೆ ಸತ್ತರೆ ಬೇಸರ ಆಗದೆ ಸಂತೋಷ ಆಗುತ್ತೇನೋ!"

ಅವಳು ಬಾಯಿ ಮುಚ್ಚುವುದರೊಳಗೆ ಹಾಲೇಶ ಎರಡೂ ಕಂಕುಳಿಗೆ ಕೈ ಹಾಕಿ ಕಚಗುಳಿ ಇಟ್ಟ. ಪ್ರೇಮಕ್ಕ ನಕ್ಕಳು. ಬೇಡ ಬೇಡ ಅನ್ನುತ್ತಾ ನಕ್ಕಳು, ಅಳುತ್ತಾ ನಕ್ಕಳು. ಅದೇ ಹೊತ್ತಿಗೆ ಎಮ್ಮೆ ಸುದ್ದಿ ಕೇಳಿ ಅವಳ ಬೀಗರು ಬಂದರು.

"ಸತ್ತ ಎಮ್ಮೆ ಮುಂದೆ ಹಿಂಗೆ ನಗ್ತಾಳಲ್ಲ! ನಾಳೆ ನಾವು ಸತ್ತರೆ ಕುಣಿದೇಬಿಡ್ತಾಳೆ!"

ಅವರು ಬಂದ ದಾರಿಯಲ್ಲೇ ವಾಪಸ್ಸು ಹೋದರು. ಪ್ರೇಮಕ್ಕ ಹಾಲಿನ ಕ್ಯಾನು ಹಿಡಿದು ಹಾಲೇಶನನ್ನು ಅವನ ಮನೆತನಕ ಅಟ್ಟಿಸಿಕೊಂಡು ಬಂದಳು.

"ಹೆಣ್ಣುಮಕ್ಕಳ ಮೈ ಮುಟ್ಟುತ್ತಾರೇನೋ, ಮೂಳ!" ಕೊಟ್ರಮ್ಮ ಪೊರಕೆ ತಗೊಂಡಳು. "ಇನ್ನು ಯಾರಿಗೆ ಏನೇ ಆಗಲಿ, ಕೈಯಿಂದ ಮುಟ್ಟಬೇಡ!"

"ಇಷ್ಟೇ ತಾನೆ? ಆಯ್ತವ್ವ!"

ಶುಕ್ರವಾರ ಟೈಲರ್ ದಾದಾಪೀರನ ಅಂಗಡಿಗೆ ಹೋದ. ಹೆಣ್ಣು ನೋಡುವುದಕ್ಕೆ ಅಂತ ಹೊಲಿಯಲು ಕೊಟ್ಟಿದ್ದ ಅಂಗಿ ಮಷೀನಿನ ಮೇಲಿತ್ತು. ದಾದಾಪೀರ ಕುಣಿಯುವುದೊಂದು ಬಾಕಿ.

"ನಮ್ಮ ಹುಡುಗ ಎಸ್ಸೆಸ್ಸೆಲ್ಸಿ ಪಾಸಂತೆ ಹಾಲೇಶ! ಮೂರು ವರ್ಷ ಆದ ಮೇಲೆ! ನನಗೆ ಶಾಕ್ ಹೊಡೆದುಬಿಟ್ಟಿದೆ ನೋಡು, ಕೈ ಇನ್ನೂ ನಡುಗ್ತಿದೆ!"

ಶಾಕು! ಕೈಯಿಂದ ಮುಟ್ಟಬಾರದು ಅಂತ ಅವ್ವ ಹೇಳಿದ್ದಳು. ಕರೆಂಟು ಹಿಡಿದವರನ್ನು ಒಣಗಿದ ಕಟ್ಟಿಗೆಯಿಂದ ಹೊಡೆದು ಬಿಡಿಸಬೇಕು ಅಂತ ಹಿಂದೊಮ್ಮೆ ಲೈನ್‌ಮನ್ ಹೇಳಿದ್ದ. ಬಟ್ಟೆ ಅಳೆಯುವ ಕೋಲು ಅಲ್ಲೇ ಇತ್ತು. ಮುಂಗೈಗೆ ಒಂದು, ಮೊಣಕಾಲಿಗೆ ಒಂದು ಬಿತ್ತು.

"ಯಾ ಅಲ್ಲಾ! ಯಾಕೋ!"

"ಬಿಡ್ತಾ ಭಾಯ್ ಶಾಕು?"

"ಬಿಡ್ತೋ ಮಾರಾಯ, ಬಿಡ್ತು!"

"ಮಾತು ತೊದಲ್ತಿದೆ, ಇನ್ನೊಂದು ಸ್ವಲ್ಪ ಉಳಿದಿದೆ," ಅಂತ ಮತ್ತೆರಡು ಕೊಟ್ಟ.

ಅಂಗಿ ಬೀದಿಗೆ ಬಂದು ಬಿತ್ತು. ಒಂದು ತೋಳಿತ್ತು, ಇನ್ನೊಂದು ಇರಲಿಲ್ಲ.

ಆ ಸಂಜೆ ಕೊಟ್ರಮ್ಮ ಬೈಯಲಿಲ್ಲ. ಅಂಗಿಗೆ ಇನ್ನೊಂದು ತೋಳು ಹೊಲಿಯುತ್ತಾ ಕೂತಳು. ಸೂಜಿ ಕಣ್ಣಿಗೆ ಕಾಣುತ್ತಿರಲಿಲ್ಲ.

"ನಾನು ಹೋದ ಮೇಲೆ ನಿನಗೆ ಉಂಡೆಯಾ ಅಂತ ಕೇಳೋರು ಯಾರೋ ಮಗನೇ? ಅದಕ್ಕೇ ಕಣೋ ಇಷ್ಟು ಒದ್ದಾಡೋದು. ಬೋರ್ ಬೇಡ, ಮೂಡ್ ಬೇಡ, ಶಾಕ್ ಬೇಡ, ಎಲ್ಲಾ ಮರೆತುಬಿಡು. ಬಾಯಿ ಮುಚ್ಕೊಂಡು ಕೂರು. ಯಾರಾದರೂ ಅತ್ತರೆ ಹೆಗಲು ಕೊಡು. ಅಷ್ಟೇ."

"ಹೆಗಲಾ? ಅದು ನನಗೆ ಚೆನ್ನಾಗಿ ಬರುತ್ತವ್ವ!"

ಕೊಟ್ರಮ್ಮ ಆ ಹೊತ್ತು ಒಂದು ರೊಟ್ಟಿ ಹೆಚ್ಚಿಗೆ ತಿಂದಳು.

ಭಾನುವಾರ ಬಂತು. ಹೆಣ್ಣಿನ ಮನೆಯಲ್ಲಿ ಎಲ್ಲರಿಗೂ ಒಂದೊಂದು ತಟ್ಟೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ದಾಕ್ಷಾಯಿಣಿ ಎದುರಿಗೆ ಕೂತು ತನ್ನ ಓದು, ತನ್ನ ಆಸೆ, ತನ್ನ ಬೇಸರ ಎಲ್ಲ ಹೇಳಿದಳು. ಹಾಲೇಶ ತುಟಿ ಬಿಚ್ಚಲಿಲ್ಲ. ಒಂದೂವರೆ ಗಂಟೆ!

"ಅಪ್ಪ, ಈ ಹುಡುಗ ಆಗಬಹುದು," ಅಂದಳು ದಾಕ್ಷಾಯಿಣಿ. "ಇಷ್ಟು ದಿನ ಬಂದವರೆಲ್ಲ ತಮ್ಮದೇ ಹೇಳ್ಕೊಂಡು ಹೋದರು. ಇವರೊಬ್ಬರೇ ನನ್ನ ಮಾತು ಕೇಳಿದ್ದು."

ಕೊಟ್ರಮ್ಮ ಸೆರಗಿನೊಳಗೇ ಕೈ ಮುಗಿದಳು.

ಮೂಲೆಯಲ್ಲಿ ಕೈಯಿರುವ ಕುರ್ಚಿಯ ಮೇಲೆ ಹುಡುಗಿಯ ಅಜ್ಜ ಕೂತಿದ್ದ. ಮೊಮ್ಮಗಳು ಒಪ್ಪಿದ್ದು ಕೇಳಿ ಗಳಗಳ ಅತ್ತುಬಿಟ್ಟ.

"ಅಜ್ಜ ಎಮೋಷನಲ್ ಆಗಿದಾರೆ," ಅಂದಳು ದಾಕ್ಷಾಯಿಣಿ, ಹಾಲೇಶನ ಕಡೆ ನೋಡಿ.

ಕೊಟ್ರಮ್ಮ ಹೆಮ್ಮೆಯಿಂದ ಮಗನ ಪಕ್ಕೆ ತಿವಿದಳು. "ಹೋಗೋ, ಹೆಗಲು ಕೊಡು!"

"ಇಷ್ಟೇ ತಾನೆ? ಆಯ್ತವ್ವ!"

ಹಾಲೇಶ ಎದ್ದ. ಹೆಗಲ ಮೇಲಿದ್ದ ಟವೆಲನ್ನು ತಲೆಗೆ ಸುತ್ತಿದ. ಅಜ್ಜನನ್ನು ಕುರ್ಚಿಯ ಸಮೇತ ಎತ್ತಿ ಹೆಗಲ ಮೇಲಿಟ್ಟ. ಇನ್ನೊಂದು ಕೈಯಲ್ಲಿ ಮಂಡಕ್ಕಿ ತಟ್ಟೆ ತಗೊಂಡ.

"ಹರಹರ ಮಹಾದೇವ!"

ಹೊಸಿಲು ದಾಟಿ ಬೀದಿಗೆ ಇಳಿದೇಬಿಟ್ಟ. ದಾರಿಯುದ್ದಕ್ಕೂ ಮಂಡಕ್ಕಿ. ಬೀಡಾ ಅಂಗಡಿಯವನು ಎದ್ದು ನಿಂತು ಕೈ ಮುಗಿದ.

"ಪಾಪ, ನಿನ್ನೆ ತಾನೆ ಮಾತಾಡಿಸಿದ್ದೆ!"

"ಇವತ್ತೂ ಮಾತಾಡ್ತಿದೀನಲ್ಲೋ ಮುಠ್ಠಾಳ! ಇಳಿಸೋ ನನ್ನ!" ಅಂತ ಅಜ್ಜ ಕುರ್ಚಿಯ ಮೇಲಿಂದ ಕಿರುಚಿದ.

"ಅಳಬೇಡ ಅಜ್ಜ, ಶೋಲ್ಡರ್ ಕೊಟ್ಟಿದೀನಲ್ಲ!" ಅಂದ ಹಾಲೇಶ.

ನಾಲ್ಕು ಜನ ಅಡ್ಡ ಹಾಕಿ ಅಜ್ಜನನ್ನು ಇಳಿಸಿಕೊಂಡು ಒಳಗೆ ಹೋದರು. ಬಾಗಿಲು ಧಡ್ ಅಂತ ಮುಚ್ಚಿತು. ಒಳಗೆ ಅಜ್ಜನ ಕೂಗು, ಹೊರಗೆ ಕೊಟ್ರಮ್ಮ. ಬೀದಿಯ ಕಲ್ಲಿನ ಮೇಲೆ ಕೂತು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು.

ಹಾಲೇಶ ಬಂದು ಬಗ್ಗಿ ಅವಳ ಮುಖ ನೋಡಿದ. "ಅವ್ವ, ನೀನೂ ಅಳ್ತಿದೀಯಾ?"

ಕೇಳಿದವನೇ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ.

ಇಳಿಸೋ ಅನ್ನುವ ಶಕ್ತಿಯೂ ಕೊಟ್ರಮ್ಮನಲ್ಲಿ ಉಳಿದಿರಲಿಲ್ಲ. "ಒಯ್ಯೋ, ಒಯ್ಯಿ! ಇನ್ನು ಮನೆಗ್ಯಾಕೆ? ನೆಟ್ಟಗೆ ಸುಡುಗಾಡಿಗೇ ಒಯ್ದುಬಿಡು!"

"ಇಷ್ಟೇ ತಾನೆ? ಆಯ್ತವ್ವ!"

ಮನೆಯ ದಾರಿ ಬಲಕ್ಕಿತ್ತು. ಹಾಲೇಶ ಎಡಕ್ಕೆ ತಿರುಗಿದ, ತಟ್ಟೆಯಲ್ಲಿ ಉಳಿದಿದ್ದ ಮಂಡಕ್ಕಿ ಎರಚುತ್ತಾ.